ಆನೆ ಕಥೆ ಪಣಕ್ಕಿಟ್ಟು ಕಾರು ಓಡಿಸಿದ್ದು

ಕೆಲವರು ನಗೋದಕ್ಕೆ ಎಲ್ಲೆಲ್ಲೋ ಹುಡುಕಿಕೊಂಡು ಹೋಗ್ತಾರೆ. ನಾನು ಬಾಗಿಲು ಹಾಕ್ಕೊಂಡು ಮನೇಲಿ ಕೂತಿದ್ರೂ ನಗೋ ಅಂಥದ್ದು ಹೆಂಚು ಸರಿಸಿಕೊಂಡು ಒಳಕ್ಕೆ ಇಳೀತದೆ. ಎಪ್ಪತ್ತು ದಾಟಿತು, ಇನ್ನೂ ಇಳೀತಾನೇ ಅದೆ.

ನಾನು ಯಾರು ಅಂತ ಮೊದಲು ಹೇಳಿಬಿಡ್ತೀನಿ. ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರು ಊರಿನ ನಡುವೆ ನಲವತ್ತು ವರ್ಷ ಎತ್ತಿನ ಗಾಡಿ ಹೊಡೆದವನು. ಇಟ್ಟಿಗೆ, ಹುಲ್ಲು, ಬೆಲ್ಲ, ಮದುವೆ ದಿಬ್ಬಣ, ನಾನು ಹೇರದೆ ಬಿಟ್ಟ ಮಾಲಿಲ್ಲ. ನನ್ನ ಗಾಡಿ ಹಿಂದೆ ಬಸ್ಸು ಬಂದರೆ ಹಾರನ್ ಹೊಡೀತಿರಲಿಲ್ಲ, ಕಂಡಕ್ಟರ್ ಇಳಿದು ಬಂದು ಕೈ ಮುಗಿದು ದಾರಿ ಕೇಳ್ತಿದ್ದ. ನನಗೆ ಅಕ್ಷರ ಒಂದೂ ಬರಲ್ಲ. ನಾನು ಹೇಳ್ತಾ ಹೋಗ್ತೀನಿ, ಸೊಸೆ ಬರೀತಾಳೆ. ಕಂಡಕ್ಟರ್ ಮಾತು ಬಂದಾಗ ಅವಳು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಬರಿಯವ್ವ, ನನ್ನ ಕಣ್ಣಾರೆ ಕಂಡಿದ್ದು ಅಂದೆ. ಬರೆದಳು.

ಇಂಥ ನನಗೆ ಆಸ್ತಿ ಅಂತ ಇರೋದು ಒಂದು ಆನೆ ಕಥೆ. ಜಗಲಿ ಮೇಲೆ ಕೂತು ಅದನ್ನ ಹೇಳದೆ ಇದ್ದರೆ ನನಗೆ ತಿಂದಿದ್ದು ಜೀರ್ಣ ಆಗಲ್ಲ. ಆ ಕಥೇನೇ ಕೈಬಿಟ್ಟು ಹೋಗೋ ಗತಿ ಬಂತು, ಅದೂ ಲೋಟದಷ್ಟು ಗಾತ್ರದ ಕಾರಿನ ದೆಸೆಯಿಂದ.

ಗಾಡಿಯಿಲ್ಲದೆ ಮಗುಚಿದ್ದು

ನಮ್ಮ ಸೊಸೆ ಹನೂರಿನಲ್ಲಿ ಒಂದು ಆಫೀಸಿನ ಗುಮಾಸ್ತೆ. ದಿನಾ ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಹೋಗಿ ಬರ್ತಾಳೆ. ಒಂದು ಶನಿವಾರ ಬರೋವಾಗ ಒಂದು ಡಬ್ಬಿ ತಂದು ಟಿ.ವಿ.ಗೆ ಸಿಗಿಸಿದಳು. ಟಿ.ವಿ. ಒಳಗೆ ಒಂದು ದೊಡ್ಡ ಮನೆ ಕಾಣಿಸ್ತು. ಅದರ ನೆಲದ ಮೇಲೆ ಎಂಟು ಪುಟಾಣಿ ಕಾರು, ಮಂಚದ ಕಾಲು ಸುತ್ತಿ, ಚಪ್ಪಲಿ ಹತ್ತಿ ಇಳಿದು, ಬಿದ್ದಂಬೀಳ ಓಡ್ತಾ ಇದ್ವು. ಓಡೋದು ಸಾಲದು ಅಂತ ಒಂದರ ಮೇಲೊಂದು ಬಾಂಬು ಬೇರೆ ಹಾಕ್ತಿದ್ವು.

"ಏನವ್ವಾ ಇದು?" ಅಂದೆ.

"ರಿಮೋಟ್ ಕಾರಿನ ರೇಸು ಮಾವ, ಆಟ. ಆಫೀಸಲ್ಲಿ ಯಾರು ಏನಂದ್ರೂ ಇಡೀ ದಿನ 'ಆಯ್ತು ಸಾರ್' ಅನ್ಬೇಕು. ಮನೆಗೆ ಬಂದು ನಾಲ್ಕು ಬಾಂಬ್ ಹಾಕಿದ್ರೆ ಅನ್ನ ಸೇರ್ತದೆ."

"ಕಾರಲ್ಲಿ ಡ್ರೈವರೇ ಕಾಣಾಕಿಲ್ಲ?"

"ಡ್ರೈವರ್ ಒಳಗೆ ಇರಲ್ಲ ಮಾವ. ದೂರ ಕೂತು ಓಡಿಸೋದು."

"ಇದೇನು ಒಸದಾ? ನಾನು ಮಾಂಬಳ್ಳಿ ಆಲೆಮನೇಲಿ ಕೂತು ಒಂದು ಶಿಳ್ಳೆ ಆಕಿದ್ರೆ, ಎತ್ತುಗಳು ತಾವೇ ಬೆಲ್ಲ ತಕಂಡು ಕೊಳ್ಳೇಗಾಲದ ಮಂಡಿ ಮುಂದೆ ಓಗಿ ನಿಲ್ತಿದ್ವು. ರಸೀದಿನೂ ತಕಂಡು ಬರ್ತಿದ್ವು."

ಕೆಳಗೆ ಕೂತು ಅವರೆಕಾಯಿ ಸುಲಿತಾ ಇದ್ದ ನನ್ನ ಹೆಂಡತಿ ತಲೆ ಎತ್ತದೆ ಅಂದಳು, "ಅವೇ ಎತ್ತು ಒಂದಿನ ನಿಮ್ಮನ್ನ ಸಂತೇಲಿ ಬಿಟ್ಟು ಮನೆಗೆ ಬಂದಿದ್ವಲ್ಲ, ಅದ್ನೂ ಏಳಿ."

ನಾನು ಆ ಮಾತು ಕಿವಿಗೆ ಹಾಕ್ಕೊಳ್ಳದೆ ಸೊಸೆ ಕೈಯಿಂದ ರಿಮೋಟು ಈಸ್ಕೊಂಡು ಮಂಚದ ಅಂಚಿಗೆ ಕೂತೆ. ಗುಂಡಿ ಒತ್ತಿದ ಕೂಡಲೇ ಕಾರು ಚಂಗನೆ ನೆಗೀತು. ಎದುರಿಗೆ ತಿರುವು ಬಂತು. ಗಾಡಿ ಹೊಡೆಯೋನು ತಿರುವಿನಲ್ಲಿ ಏನು ಮಾಡ್ತಾನೆ? ಮೈಯನ್ನ ತಿರುವಿನ ಕಡೆ ವಾಲಿಸಿ ಹಗ್ಗ ಎಳೀತಾನೆ. ನಾನೂ ವಾಲಿದೆ. ಕಾರು ತಿರುಗಲಿಲ್ಲ. ಇನ್ನೂ ವಾಲಿದೆ, ಹಗ್ಗ ಎಳೆದಂಗೆ ರಿಮೋಟು ಎದೆಗೆ ಎಳ್ಕೊಂಡೆ. ಕಾರು ನೆಟ್ಟಗೆ ಹೋಗಿ ಗೋಡೆಗೆ ಬಡೀತು. ನಾನು ಪಕ್ಕಕ್ಕೆ ಹೋಗಿ ಅವರೆಕಾಯಿ ಮೊರದೊಳಕ್ಕೆ ಬಿದ್ದೆ.

ನಲವತ್ತು ವರ್ಷದಲ್ಲಿ ಒಂದು ದಿನವೂ ನನ್ನ ಗಾಡಿ ಮಗುಚಿದ್ದಿಲ್ಲ ಅಂತ ನಾನು ಎಲ್ಲರಿಗೂ ಹೇಳ್ತಿದ್ದೆ. ಹೆಂಡತಿ ನನ್ನ ಕಿವಿಯಿಂದ ಅವರೆಕಾಳು ತೆಗೀತಾ, "ಈಗ್ಲೂ ಏಳ್ಬೋದು, ಮಗುಚಿದಾಗ ಗಾಡಿ ಇರ್ನಿಲ್ವಲ್ಲ" ಅಂದಳು.

ಮಗ್ಗದಕ್ಕ

ನಮ್ಮ ಗೋಡೆಗೆ ಗೋಡೆ ಅಂಟಿಕೊಂಡ ಮನೇಲಿ ಒಬ್ಬಳು ಮುದುಕಿ. ಐವತ್ತು ವರ್ಷದಿಂದ ರೇಷ್ಮೆ ಸೀರೆ ನೇಯ್ತಾಳೆ. ಬೀದಿಗೆಲ್ಲ ಅವಳು ಮಗ್ಗದಕ್ಕ, ನಾನು ಗಾಡಿಯಣ್ಣ. ಮಾರನೇ ದಿನ ಅವಳು ಸೊಂಟಕ್ಕೆ ಸೆರಗು ಸಿಗಿಸ್ಕೊಂಡೇ ಬಂದಳು.

"ಏನು ಗಾಡಿಯಣ್ಣ, ನಿಮ್ಮನೇಲಿ ಯುದ್ಧನಾ? ಆ ಬಾಂಬಿನ ಸದ್ದಿಗೆ ನನ್ನ ಸೀರೆ ಅಂಚಿನ ಎಳೆ ಲೆಕ್ಕ ಮೂರು ಸಲ ತಪ್ಪೋಯ್ತು."

ಅವಳ ಸಿಟ್ಟು ಇಳಿಸೋಕೆ ಅಂತ ಸೊಸೆ ಒಂದು ರಿಮೋಟು ಅವಳ ಕೈಗೆ ಕೊಟ್ಟಳು. ನಾನು ಇನ್ನೊಂದು ಹಿಡಿದೆ. ಪಾಪ, ಮುದುಕಿ, ಸ್ವಲ್ಪ ಮುಂದೆ ಬಿಡೋಣ ಅಂದುಕೊಂಡೆ. ಅಂದುಕೊಂಡಿದ್ದು ಅಷ್ಟೇ. ಮಗ್ಗದವಳ ಕೈ ನೋಡಿ ನೀವು. ಬಲಗೈ ಹಗ್ಗ ಜಗ್ಗಿ ಲಾಳಿ ಹಾರಿಸ್ತದೆ, ಎಡಗೈ ಅಡ್ಡ ಬಿದ್ದ ಹೊಕ್ಕಿನೆಳೆ ಬಡೀತದೆ, ಕಣ್ಣು ಕೂದಲಿನಂಥ ಎಳೆ ಮೇಲೆ. ಅವಳ ಕಾರು ಲಾಳಿ ಹಾರಿದಂಗೆ ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ, ಯಾವ ಗೋಡೆಗೂ ತಾಗದೆ ಹೋಗಿ ಮೊದಲು ನಿಂತಿತು. ನಾನು ಎಂಟು ಕಾರಿನಲ್ಲಿ ಎಂಟನೆಯವನು.

"ರಿಮೋಟು ಸರಿ ಇಲ್ಲ" ಅಂದೆ.

ಅವಳು ನಕ್ಕಳು. "ಲೊಕ್ಕನಹಳ್ಳಿ ಕಾಡಲ್ಲಿ ಗಾಡಿ ಮರಳಲ್ಲಿ ಊತಾಗ ಕಾಡಾನೆ ಕೈಲಿ ತಳ್ಳಿಸ್ದೋನು ನೀನೇನಾ? ಆನೆಗೆ ದಾರಿ ತೋರ್ಸೋನಿಗೆ ಆಟದ ಕಾರಿಗೆ ತೋರ್ಸಾಕ್ ಆಗ್ನಿಲ್ವಾ?"

ನನ್ನ ಆನೆ ಕಥೆ ಅಂದ್ರೆ ಅದೇ. ನಾನು ಅದನ್ನ ಜಗಲೀಲಿ ಶುರು ಮಾಡಿದಾಗಲೆಲ್ಲ ಅವಳು ತನ್ನ ಬಾಗಿಲಿಂದ ಬಾಯಿ ಹಾಕ್ತಾಳೆ. ಹೋದ ಸಲ ಹೆಣ್ಣಾನೆ ಅಂದಿದ್ದೆ, ಈಗ ದಂತ ಎಲ್ಲಿಂದ ಬಂತು ಅಂತಾಳೆ. ಕೇಳೋ ಜನ ನಕ್ಕು ಎದ್ದು ಹೋಗ್ತಾರೆ. ಇಪ್ಪತ್ತು ವರ್ಷದಿಂದ ಆ ಕಥೆ ಅರ್ಧಕ್ಕೇ ನಿಂತದೆ, ಆನೆ ಇನ್ನೂ ನನ್ನ ಗಾಡಿ ಹಿಂದೇನೇ ನಿಂತದೆ.

ನನಗೆ ರೋಷ ಬಂತು. "ಮೂರು ವಾರ ಬಿಟ್ಟು ಭಾನುವಾರ ಬಾ. ನೀನು ಸೋತ್ರೆ ನಮ್ಮ ಜಗಲಿ ಮೇಲೆ ಕೂತು ನನ್ನ ಆನೆ ಕಥೆನ ತಲೆಯಿಂದ ಬಾಲದವರೆಗೆ ಕೇಳ್ಬೇಕು. ಬಾಯಿ ಬಿಡಂಗಿಲ್ಲ."

"ಬಾಯಿ ಬಿಡ್ದಂಗಾ?" ಅವಳ ಮುಖ ಒಂದು ಗಳಿಗೆ ಇಳಿದು ಹೋಯ್ತು. ಆಮೇಲೆ ಅಂದಳು, "ಆಗ್ಲಿ. ನೀನು ಸೋತ್ರೆ ಮುಂದಿನ ಸಂಕ್ರಾಂತಿವರ್ಗೂ ಆ ಕಥೆ ಎತ್ತಂಗಿಲ್ಲ. ಜಗಲೀಲಿ ಇಲ್ಲ, ಟೀ ಅಂಗಡೀಲಿ ಇಲ್ಲ, ಬಸ್ಸಲ್ಲೂ ಇಲ್ಲ."

ಸಂಕ್ರಾಂತಿಗೆ ಇನ್ನೆಷ್ಟು ತಿಂಗಳು ಅಂತ ಬೆರಳು ಮಡಿಚಿ ಎಣಿಸಿದೆ. ಆದರೂ ಕೈ ಮೇಲೆ ಕೈ ಹಾಕಿದೆ. ನನ್ನ ಕಡೆ ನಿಲ್ಲಬೇಕಾದ ನನ್ನ ಹೆಂಡತಿ ಒಳಗಿಂದ ಬಂದು ಮಗ್ಗದಕ್ಕನ ಹಣೆಗೆ ಕುಂಕುಮ ಇಟ್ಟು, "ನೀನೇ ಗೆಲ್ಲು ಕಣಕ್ಕ, ನಾನು ಮದ್ವೆ ಆದಾಗ್ನಿಂದ ಕೇಳ್ತಾ ಇವ್ನಿ" ಅಂದಳು.

ದಾರೀಲಿ ಬಿದ್ದ ಮಾಲು

ಕಥೆ ಉಳಿಸ್ಕೋಬೇಕಲ್ಲ, ಕಲಿಯೋಕೆ ಕೂತೆ. ನಾಲ್ಕು ದಿನ ಆದ್ರೂ ನನ್ನ ಕಾರಿನಿಂದ ಒಂದು ಬಾಂಬೂ ಹೊರಡಲಿಲ್ಲ. ಎಲ್ಲರೂ ನನಗೆ ಹೊಡೆಯೋರು, ನಾನು ಹೊಡಿಸ್ಕೊಳ್ಳೋನು. ಐದನೇ ದಿನ ಸೊಸೆ ಪಕ್ಕ ಕೂತು ನೋಡಿದಳು.

"ಮಾವ, ದಾರೀಲಿ ಪೆಟ್ಟಿಗೆ ಬಿದ್ದಿರ್ತವಲ್ಲ, ಅವನ್ನ ಯಾಕೆ ಸುತ್ಕೊಂಡು ಹೋಗ್ತೀರ?"

"ಯಾರ್ದೋ ಗಾಡಿಯಿಂದ ಬಿದ್ದಿರೋ ಮಾಲು ಕಣವ್ವ. ಪಾಪ, ಉಡುಕ್ಕೊಂಡು ಬತ್ತಾನೆ."

ನಮ್ಮ ಕಸುಬಿನಲ್ಲಿ ಇದು ಕಟ್ಟುನಿಟ್ಟು. ದಾರೀಲಿ ಬಿದ್ದ ಮೂಟೆ ಮುಟ್ಟಂಗಿಲ್ಲ. ಪಕ್ಕದಲ್ಲಿ ಒಂದು ಕಲ್ಲು ಗುರುತಿಟ್ಟು, ಮುಂದೆ ಸಿಗೋ ಅಂಗಡೀಲಿ ಹೇಳಿ ಹೋಗಬೇಕು. ಈ ಆಟದಲ್ಲಿ ಅಂಗಡೀನೂ ಇಲ್ಲ, ಕಲ್ಲೂ ಇಲ್ಲ ಅಂತ ನಾನು ನಾಲ್ಕು ದಿನದಿಂದ ಸಂಕಟ ಪಡ್ತಿದ್ದೆ.

"ಅಯ್ಯೋ ಮಾವ, ಅದರೊಳಗೇ ಬಾಂಬ್ ಇರೋದು. ತಗೊಳ್ಳಿ."

"ಬಾಂಬ್ ಅದೆ ಅಂದ್ಮೇಲೆ ಇನ್ನೂ ಮುಟ್ಟಾಕಿಲ್ಲ ಬುಡು."

ಅವಳು ಅರ್ಧ ಗಂಟೆ ತಿಳಿಸಿ ಹೇಳಿದ ಮೇಲೆ ಒಂದು ಪೆಟ್ಟಿಗೆ ತಗೊಂಡೆ. ಈಗ ಇನ್ನೊಂದು ತಾಪತ್ರಯ. ಹಿಂದಿನಿಂದ ಹೊಡೆಯೋದು ಗಂಡಸಿಗೆ ಲಕ್ಷಣ ಅಲ್ಲ. ಅದಕ್ಕೆ ಬಾಂಬು ಹೊತ್ಕೊಂಡು ಎಲ್ಲರನ್ನೂ ದಾಟಿ ಮುಂದೆ ಹೋಗಿ, ಕಾರು ತಿರುಗಿಸಿ ಎದುರಿಗೆ ನಿಂತು, "ಸರ್ಕೊಳ್ರಪ್ಪ, ಒಡೀತಾ ಇವ್ನಿ" ಅಂದೆ. ಅಂದು ಮುಗಿಯೋಷ್ಟರಲ್ಲಿ ಏಳು ಕಾರೂ ನನ್ನ ಪಕ್ಕದಲ್ಲಿ ಹಾದು ಹೋಗಿದ್ವು. ನಾನು ಬಂದ ದಾರೀಲೇ ಜೋರಾಗಿ ಓಡಿಸಿದೆ. ಸ್ವಲ್ಪ ಹೊತ್ತಿಗೆ ಎಲ್ಲ ಕಾರೂ ಮತ್ತೆ ಎದುರಿಗೆ ಬಂದ್ವು.

"ನೋಡವ್ವ, ಏಳು ಜನನೂ ನನ್ನ ಎದುರುಗೊಳ್ಳಾಕೆ ಬರ್ತಾವ್ರೆ."

ಸೊಸೆ ಹಣೆ ಚಚ್ಕೊಂಡಳು. "ಎದುರುಗೊಳ್ಳೋಕಲ್ಲ ಮಾವ, ಅವರು ರೇಸಿಗೆ ಹೋಗ್ತಾ ಇದ್ದಾರೆ. ನೀವು ವಾಪಸ್ ಮನೆಗೆ ಹೊರಟಿದ್ದೀರ."

ನೀಲಿ ಕಾರಿನೋರು

ಸೊಸೆ ಒಬ್ಬಳೇ ಆಡೋವಾಗ ನಾನು ನೋಡ್ತಾ ಕೂರ್ತಿದ್ದೆ, ವರಸೆ ಕಲಿಯೋಕೆ. ಅವಳು ಯಾವಾಗಲೂ ಒಂದು ನೀಲಿ ಕಾರನ್ನೇ ಅಟ್ಟಿಸಿಕೊಂಡು ಹೋಗಿ ಹೊಡೀತಿದ್ದಳು. ಅದರಪ್ಪನಂಥ ಕಾರು ಪಕ್ಕದಲ್ಲೇ ಇದ್ರೂ ಮುಟ್ಟುತಿರಲಿಲ್ಲ. ಯಾಕವ್ವ ಅಂದ್ರೆ, "ಅದು ನಮ್ಮ ಸೂಪರಿಂಟೆಂಡೆಂಟು ಮಾವ" ಅಂದಳು.

ಒಂದು ಭಾನುವಾರ ಬೆಳಿಗ್ಗೆ ಕೈಯಲ್ಲಿ ಲಗ್ನಪತ್ರಿಕೆ ಹಿಡ್ಕೊಂಡು ಒಬ್ಬರು ಬಂದರು. ಒಳ್ಳೇ ಇಸ್ತ್ರಿ ಶರ್ಟು.

"ನಾನು ನಿಮ್ಮ ಸೊಸೆ ಆಫೀಸಿನ ಸೂಪರಿಂಟೆಂಡೆಂಟು."

"ಓಹೋ, ನೀಲಿ ಕಾರಿನೋರು. ಬನ್ನಿ ಸಾ, ಬನ್ನಿ."

"ನಂದು ಸ್ಕೂಟರು" ಅಂದರು.

"ಅಲ್ಲಿ ಸ್ಕೂಟರ್ ಇರ್ಬೋದು ಸಾ, ನಮ್ಮನೇಲಿ ನೀಲಿ ಕಾರು. ನೆನ್ನೆ ನಿಮಗೆ ಮೂರು ಸಲ ಬಾಂಬ್ ಬಿತ್ತು. ಒಂದು ಸಲ ಅಟ್ಟದಿಂದ ಕೆಳಕ್ಕೆ ಬಿದ್ರಿ. ನಮ್ಮ ಸೊಸೆಗೆ ನೀವಂದ್ರೆ ಬಾಳ ಇಷ್ಟ, ನಿಮ್ಮನ್ನ ಬಿಟ್ಟು ಬೇರೆ ಯಾರ್ನೂ ಒಡಿಯಾಕಿಲ್ಲ."

ಕಾಫಿ ತಂದ ಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು. ಸೂಪರಿಂಟೆಂಡೆಂಟರು ಟಿ.ವಿ. ನೋಡಿದರು, ಸೊಸೆನ ನೋಡಿದರು, ನಿಧಾನಕ್ಕೆ ಕುರ್ಚಿ ಎಳ್ಕೊಂಡು ಕೂತರು.

"ನನಗೆ ಬಾಂಬ್ ಹಾಕೋ ಗುಂಡಿ ಯಾವುದಮ್ಮ?"

"ಬಲಗಡೆ ಕೆಳಗಿಂದು ಸಾರ್" ಅಂದಳು, ಅಳೋ ದನೀಲಿ.

"ಆ ಕೆಂಪು ಕಾರು ಯಾರು?"

"ಅದು ಯಾರೂ ಅಲ್ಲ ಸಾರ್, ಖಾಲಿ."

ಅವರು ಬಾಗಿಲ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿ ಕೇಳಿದರು, "ಹಂಗಾದ್ರೆ ಅದನ್ನ ನಮ್ಮ ಮೇಲಿನ ಸಾಹೇಬ್ರು ಅನ್ಕೋಬೋದಾ?"

ಎರಡು ಗಂಟೆ ಹೊತ್ತು ಆ ಕೆಂಪು ಕಾರಿಗೆ ಉಸಿರಾಡೋಕೆ ಬಿಡಲಿಲ್ಲ. ಇಸ್ತ್ರಿ ಶರ್ಟು ಬೆವರಿ ಒದ್ದೆ ಆಯ್ತು. ಹೋಗೋವಾಗ ಮುಖ ಹುಣ್ಣಿಮೆ ಚಂದ್ರನಂಗಿತ್ತು. ಲಗ್ನಪತ್ರಿಕೆ ಕೊಡೋದು ಮರೆತು ಕೈಯಲ್ಲೇ ಹಿಡ್ಕೊಂಡು ಹೋದರು. ಅದನ್ನ ಕೊಡೋಕೆ ಅಂತ ಮುಂದಿನ ಭಾನುವಾರ ಮತ್ತೆ ಬಂದರು, ಮೂರು ಗಂಟೆ ಆಡಿದರು, ಅವತ್ತೂ ಕೊಡಲಿಲ್ಲ.

ರಸ್ತೆ ಕಟ್ಟಿದ್ದು

ಪಣದ ಭಾನುವಾರಕ್ಕೆ ಮೂರು ದಿನ ಇತ್ತು. ಸೊಸೆ ಅಂದಳು, "ಈ ಆಟದಲ್ಲಿ ರಸ್ತೆನ ನಾವೇ ಕಟ್ಕೋಬೋದು ಮಾವ. ಇಬ್ಬರಿಗೂ ಹೊಸದು ಆದ್ರೆ ನ್ಯಾಯ."

"ಅಂಗಾದ್ರೆ ಕೊಳ್ಳೇಗಾಲದಿಂದ ಹನೂರಿಗೆ ಕಟ್ಟು. ಒಂದೇ ಓಟ" ಅಂದೆ. ಆ ದಾರಿ ನನಗೆ ಕಣ್ಣು ಕಟ್ಟಿಬಿಟ್ರೂ ಗೊತ್ತು.

ವಿಷಯ ಗೊತ್ತಾಗಿ ಮಗ್ಗದಕ್ಕ ಓಡಿ ಬಂದಳು. "ನಮ್ಮ ಬೀದಿಯಿಂದ ಶುರುವಾಗ್ಲಿ ಕಣವ್ವ. ಎರಡು ಕಾರು ಒಟ್ಟಿಗೆ ನುಗ್ಗಾಕಾಗ್ದಂಥ ಸಂದಿ ಇರ್ಲಿ. ಎಳೆ ಮಧ್ಯೆ ತೂರೋದು ನಂಗೆ ಬರ್ತದೆ, ಈ ಗಾಡಿಯೋನಿಗೆ ಬರಾಕಿಲ್ಲ."

ಸೊಸೆ ಸಂದಿ ಇಟ್ಟಳು. ನಾನು ಮಧುವನಹಳ್ಳಿ ಹತ್ರ ಎರಡು ಹಂಪು ಹಾಕಿಸಿದೆ. ಅದರಾಚೆ ರಸ್ತೆ ಮೇಲೆ ಹುರುಳಿ ಹರಡಿಸಿದೆ. ನಮ್ಮ ಕಡೆ ಒಕ್ಕಣೆ ಕಾಲದಲ್ಲಿ ಟಾರು ರಸ್ತೇನೇ ಕಣ, ಬಸ್ಸು ಲಾರಿ ಹತ್ತಿ ಕಾಳು ಬಿಡಿಸಿಕೊಡ್ತವೆ. ಹುರುಳಿ ಇಲ್ಲದ ರಸ್ತೆ ರಸ್ತೇನೇ ಅಲ್ಲ. ಆಟದಲ್ಲಿ ಹುರುಳಿ ಸಿಗದೆ ಸೊಸೆ ಹಳದಿ ಕಂಬಳಿ ಹಾಸಿದಳು. ರಸ್ತೆ ಮಧ್ಯೆ ಮಲಗೋ ಹಸು ಸಿಗದೆ ಒಂದು ಬೀರು ಮಲಗಿಸಿದಳು.

ಎಲ್ಲ ಮುಗೀತು ಅನ್ನೋವಾಗ ನನ್ನ ಹೆಂಡತಿ ಕನ್ನಡಕ ಹಾಕ್ಕೊಂಡು ಬಂದು ನೋಡಿದಳು. "ಇಷ್ಟುದ್ದ ರಸ್ತೆ ಮಾಡಿದ್ದೀರ, ಮಾರಮ್ಮನ ಗುಡಿ ಎಲ್ಲಿ?"

"ಇದು ಆಟ ಅತ್ತೆ."

"ಆಟ ಆದ್ರೇನು? ಗುಡಿ ಇಲ್ದಿರೋ ದಾರೀಲಿ ಇವ್ರು ಓಡ್ಸಿ, ಇನ್ನೊಂದು ಸಲ ನನ್ನ ಮೊರದ ಮೇಲೆ ಬಿದ್ರೆ?"

ಜಾಗ ಉಳಿದಿದ್ದು ಹನೂರು ಮುಟ್ಟೋ ಗೆರೆಗೆ ಒಂದು ಮಾರು ಈಚೆ ಮಾತ್ರ. ಅಲ್ಲೇ ನಾಲ್ಕು ಇಟ್ಟಿಗೆ, ಕೆಂಪು ಚಾವಣಿ, ಎರಡು ದೀಪ ಇಟ್ಟು ಸೊಸೆ ಗುಡಿ ಕಟ್ಟಿದಳು. ಎಲ್ಲರೂ ನೋಡಿ ತೃಪ್ತಿ ಪಟ್ವಿ. ನಾನು ಮಾತ್ರ, "ಎಲ್ಲಾ ಸರಿ, ಗುಂಡಿ ಕಮ್ಮಿ ಆದ್ವಲ್ಲ" ಅಂದೆ.

"ನನ್ನ ಕೈಲಾದಷ್ಟು ತೋಡಿದ್ದೀನಿ ಮಾವ. ಅಷ್ಟು ಗುಂಡಿಗೆ ಈ ಆಟದೋರು ಜಾಗಾನೇ ಇಟ್ಟಿಲ್ಲ."

ಪಣದ ಭಾನುವಾರ

ಬೀದಿ ಅರ್ಧ ನಮ್ಮ ಮನೇಲಿ ಸೇರಿತ್ತು. ಹೊರಟ್ವಿ. ಸಂದೀಲಿ ಮಗ್ಗದಕ್ಕ ಸೂಜಿ ತೂರಿದಂಗೆ ತೂರಿ ಹೋದಳು, ನಾನು ಎರಡೂ ಗೋಡೆ ಉಜ್ಜಿಕೊಂಡು ಹೋದೆ. ಮಧುವನಹಳ್ಳಿ ಹಂಪಿನಲ್ಲಿ ಅವಳ ಕಾರು ಮಗುಚಿ ಬಿತ್ತು, ನಾನು ಹದವಾಗಿ ಹತ್ತಿಸಿ ಇಳಿಸಿ ಮುಂದೆ ಹೋದೆ. ಹುರುಳಿ ಮೇಲೆ ಉಳಿದ ಕಾರೆಲ್ಲ ಜಾರಿ ಹೊಲಕ್ಕೆ ಬಿದ್ವು. ನಾನೊಬ್ಬ ನೆಟ್ಟಗೆ ಹೋದೆ, ಯಾಕಂದ್ರೆ ಹುರುಳಿ ಮೇಲೆ ಗಾಡಿ ಹೊಡೆದವನು ಈ ಮೂರು ಊರಿನಲ್ಲಿ ನಾನೊಬ್ಬನೇ. ಸೊಸೆ ಪೆನ್ನು ನಿಲ್ಲಿಸಿದ್ದಾಳೆ. ಬರಿಯವ್ವ.

ಆಗ ಮಗುಚಿದ್ದ ಕಾರು ಎಬ್ಬಿಸ್ಕೊಂಡು, ಹುರುಳಿ ಅಂಚಲ್ಲಿ ತೂರಿ ಬಂದ ಮಗ್ಗದಕ್ಕ ಹಿಂದಿನಿಂದ ಬಾಂಬ್ ಹಾಕಿದಳು. ನಾನು ಮೂರು ಸುತ್ತು ತಿರುಗಿದೆ. ಅವಳು ಪಕ್ಕಕ್ಕೆ ಬಂದಳು. ಇಬ್ಬರ ಕಾರೂ ಜೋಡೆತ್ತಿನಂಗೆ ಒಂದೇ ಸಮ. ಮುಂದೆ ಹನೂರಿನ ಗೆರೆ ಕಾಣಿಸ್ತು. ನನ್ನ ಕಣ್ಣ ಮುಂದೆ ಆನೆ ನಿಂತಿತ್ತು, ಇವತ್ತು ಬಿಟ್ರೆ ಸಂಕ್ರಾಂತಿವರೆಗೆ ನನ್ನ ಮಾತೆತ್ತಂಗಿಲ್ಲ ಅನ್ನೋ ಹಂಗೆ ನೋಡ್ತಿತ್ತು. ಹಲ್ಲು ಕಚ್ಚಿ ಒತ್ತಿದೆ.

ಎಡಗಡೆ ಗುಡಿ ಬಂತು. ಎರಡು ದೀಪ.

ನಾನು ಏನೂ ಮಾಡಲಿಲ್ಲ, ಎರಡೂ ಕೈ ತಾವೇ ಮಾಡಿದ್ದು. ನಲವತ್ತು ವರ್ಷ ಗುಡಿ ಮುಂದೆ ಕೈ ಮುಗಿಯದೆ ಗಾಡಿ ಹೊಡೆದಿಲ್ಲ. ರಿಮೋಟು ಮಡಿಲಿಗೆ ಬಿತ್ತು, ಕೈ ಎದೆ ಮುಂದೆ ಸೇರಿದ್ವು. ಕಾರು ಗುಡಿ ಮುಂದೆ ನಿಂತಿತು. ಸೋತೆ ಅಂತ ಪಕ್ಕಕ್ಕೆ ನೋಡ್ತೀನಿ, ಮಗ್ಗದಕ್ಕನೂ ಕಣ್ಣು ಮುಚ್ಚಿ ಕೈ ಮುಗಿದಿದ್ದಾಳೆ. ಅವಳ ಕಾರೂ ನಿಂತದೆ.

ಈಗ ಯಾರು ಮೊದಲು ಕೈ ಇಳಿಸೋದು? ರೇಸಿನ ಆಸೆಗೆ ತಾಯಿ ಮುಂದೆ ಅವಸರ ಮಾಡಿದ ಅನ್ನಿಸ್ಕೋಬೇಕಾಗ್ತದಲ್ಲ.

"ನಿಂದು ಆಯ್ತೇನಕ್ಕ?" ಅಂದೆ, ಕೈ ಇಳಿಸದೆ.

"ಇನ್ನೂ ಇಲ್ಲ. ನೀನು ಮುಗಿಸ್ಕೊ ಗಾಡಿಯಣ್ಣ" ಅಂದಳು, ಒಂದು ಕಣ್ಣು ಅರ್ಧ ತೆರೆದು.

"ನಂದೂ ಇನ್ನೂ ಅದೆ."

"ಸೊಸೆದೂ ಸೇರ್ಸಿ ಬೇಡ್ಕೊ, ಅವಸರ ಇಲ್ಲ."

ಅಷ್ಟರಲ್ಲಿ ಹೊಲಕ್ಕೆ ಬಿದ್ದಿದ್ದ ಒಂದು ಹಳದಿ ಕಾರು, ಯಾರದೂ ಅಲ್ಲ, ಟಿ.ವಿ.ದೇ, ಹೆಂಗೋ ಎದ್ದು ಗುರ್ರ್ ಗುರ್ರ್ ಅಂತ ಬಂದು ನಮ್ಮಿಬ್ಬರ ಪಕ್ಕದಲ್ಲೇ ನಿಧಾನಕ್ಕೆ ಹೋಗಿ ಗೆರೆ ದಾಟಿತು. ಟಿ.ವಿ.ಲಿ ಪಟಾಕಿ ಹೊಡೆದ್ವು. ಅದರ ಹಿಂದೆ ಉಳಿದ ಐದೂ ಹೋದ್ವು.

ನ್ಯಾಯ ಹೇಳೋಕೆ ನನ್ನ ಹೆಂಡತಿ ಕೂತಳು. ಎರಡೇ ಮಾತು. "ಇಬ್ರೂ ಸೋತ್ರಿ. ಇಬ್ರೂ ನಡಿಸ್ಕೊಡಿ."

"ಅಲ್ವೆ, ಅವಳು ಕಥೆ ಕೇಳ್ಬೇಕು, ನಾನು ಏಳಂಗಿಲ್ಲ. ಅದೆಂಗೆ ಆಯ್ತದೆ?"

"ಮಾತು ಕೊಟ್ಟಿರೋರು ನೀವು. ನನ್ನೇನ್ ಕೇಳ್ತೀರಿ."

ಸಾಯಂಕಾಲ ನಾಲ್ಕು ಗಂಟೆಗೆ ಮಗ್ಗದಕ್ಕ ತೊಳೆದ ಸೀರೆ ಉಟ್ಕೊಂಡು ಬಂದು ನಮ್ಮ ಜಗಲಿ ಮೇಲೆ ಕೂತಳು. ನಾನು ಎದುರಿಗೆ ಕೂತೆ. ಅವಳು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಮಾತು ಆಡದೆ ಇದ್ರೇನು, ಕಥೆ ಮನಸ್ಸಿನಲ್ಲಿ ಓಡ್ತಾನೇ ಇತ್ತು. ಗಾಡಿ ಕಾಡು ಹೊಕ್ಕಿತು, ನನ್ನ ಹುಬ್ಬು ಮೇಲೇರ್ತು. ಮರಳಲ್ಲಿ ಹೂತಿತು, ನಿಟ್ಟುಸಿರು ಬಿಟ್ಟೆ. ಆನೆ ಬಂತು, ನನ್ನ ಕಣ್ಣು ಅಗಲ ಆದ್ವು. ಅವಳು ತಲೆ ಆಡಿಸ್ತಾ ನನ್ನ ಮುಖಾನೇ ನೋಡ್ತಿದ್ದಳು. ಒಂದು ಕಡೆ ಅವಳ ತುಟಿ ಅದುರ್ತು, ಸೆರಗು ಬಾಯಿಗೆ ಒತ್ಕೊಂಡಳು. ದಾರೀಲಿ ಹೋಗೋರು ನಿಂತು ನೋಡಿ, ಏನೋ ದುಃಖ ಇರ್ಬೇಕು ಅಂತ ಮೆಲ್ಲಗೆ ಹೋಗ್ತಿದ್ರು. ಮುಕ್ಕಾಲು ಗಂಟೆ ಆದ ಮೇಲೆ ಆನೆ ಗಾಡಿ ತಳ್ಳಿ, ಸೊಂಡಿಲು ಎತ್ತಿ, ಕಾಡಿಗೆ ವಾಪಸ್ ಹೋಯ್ತು. ಇಪ್ಪತ್ತು ವರ್ಷದಲ್ಲಿ ಮೊದಲನೇ ಸಲ ಹೋಯ್ತು. ನಾನು ಪಂಚೆ ಕೊಡವಿ ಎದ್ದೆ.

ಮಗ್ಗದಕ್ಕ ಮೊಣಕಾಲು ಹಿಡ್ಕೊಂಡು ಎದ್ದು ನಿಂತಳು. ಒಳಗಿನಿಂದ ಬಂದ ಮಾತು ಅಂತ ಅವಳ ಮುಖ ನೋಡಿದ್ರೇ ಗೊತ್ತಾಗ್ತಿತ್ತು.

"ಬಾಳ ಚೆನ್ನಾಗಿತ್ತು ಕಣ ಗಾಡಿಯಣ್ಣ. ಇಷ್ಟು ವರ್ಸದಲ್ಲಿ ಸುಳ್ಳಿಲ್ದಂಗೆ ಏಳಿದ್ದು ಇದೊಂದೇ ಸಲ."